ಬಾಯಲ್ಲಿ ಕವಳ ಇರಲಿಲ್ಲ

ಮಾರಾಯಾ,

ಆರಾಮಾ? ಫೋನ್ ಮಾಡಿದರೆ ನೀನು ಮೊದಲು ನಾನು ವಾಪಸು ಕೊಡದ ಆ ಕೊಡೆಯ ವಿಷಯ ತೆಗೆಯುತ್ತೀಯ. ಅದಕ್ಕೇ ಇಲ್ಲಿ, ಎಲ್ಲರೆದುರೇ ಬರೆಯುತ್ತಿದ್ದೇನೆ.

ಅಡಿಕೆ ಸುಲಿಯುತ್ತಿದ್ದ ಒಂದು ರಾತ್ರಿ. ಕವಳ ಹಾಕೋಣ ಅಂತ ಎಲೆ ತೆಗೆದೆ. ಸುಣ್ಣ ಹಚ್ಚಲು ಹೋದರೆ ಬಲಗೈ ಬೆರಳು ಮಾತೇ ಕೇಳಲಿಲ್ಲ. ಎಲೆ ಜಾರಿ ಮೆಟ್ಟುಗತ್ತಿಯ ಬುಡಕ್ಕೆ ಬಿತ್ತು. ಹೆಂಡತಿಯನ್ನು ಕರೆದೆ, ನಾಲಿಗೆ ಹೊರಳಲಿಲ್ಲ. "ಮೊದಲು ಕವಳ ಉಗುಳಿ ಬಂದು ಮಾತಾಡಿ" ಎಂದಳು. ಬಾಯಲ್ಲಿ ಕವಳವೇ ಇರಲಿಲ್ಲ.

ಹತ್ತು ನಿಮಿಷ. ಆಮೇಲೆ ಎಲ್ಲ ಸರಿ. ಅದೇ ಎಲೆ ಎತ್ತಿ, ಒರೆಸಿ, ಕವಳ ಹಾಕಿದೆ. ಪಿತ್ತ ಏರಿದ್ದು ಎಂದೆ.

ನಾಲ್ಕನೇ ದಿನ ಬಿಪಿ ನೋಡಿಸಲು ಹೋದಾಗ ಬಾಯಿ ತಪ್ಪಿ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಮಿನಿ ಸ್ಟ್ರೋಕ್ ಅಂತೆ. ಮಿದುಳಿನ ರಕ್ತನಾಳಕ್ಕೆ ಹೆಪ್ಪು ಅಡ್ಡ ಬಂದು, ತಾನಾಗಿ ಕರಗಿದೆ. ಕರಗದೆ ಕೂತರೆ ಅದೇ ಲಕ್ವ. 'ಮಿನಿ' ಎಂದು ಹೆಸರಿಟ್ಟವರು ಯಾರೋ, ಮಿನಿ ಬಸ್ಸು ಬಂದುಹೋದ ಹಾಗೆ ಕೇಳಿಸುತ್ತದೆ. ಅದರ ಹಿಂದೆ ದೊಡ್ಡದು ಬರುವ ಅಪಾಯ ಮೊದಲ 48 ಗಂಟೆಯಲ್ಲೇ ಜಾಸ್ತಿ. ಆ 48 ಗಂಟೆ ನಾನು ಅಡಿಕೆ ಸುಲಿದೆ.

ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಲಕ್ವ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಹೆಪ್ಪೋ, ರಕ್ತಸ್ರಾವವೋ ಅಂತ ಸ್ಕ್ಯಾನ್ ಆಗಬೇಕು. ದೊಡ್ಡಾಸ್ಪತ್ರೆಗೆ ಅಂತ ಹೊರಟರೆ ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರು, ನಮ್ಮನೆಯಿಂದ ಶಿರಸಿ ಬೇರೆ. ನೀನೇ ಲೆಕ್ಕ ಹಾಕು. ಬಾಯಿ ಸೊಟ್ಟ, ಕೈ ಸೋಲು, ಮಾತು ತೊದಲು, ಒಂದು ಕಂಡರೂ 108. ಸರಿಹೋಯ್ತಲ್ಲ ಅಂತ ಕೂರಬಾರದು.

ನಾನು ಕೂತಿದ್ದೆ. ಪಿತ್ತ ಅಂತ ನಂಬಿಯೇನೂ ಅಲ್ಲ. ಅಪ್ಪ ಕೊನೆಯ ನಾಲ್ಕು ವರ್ಷ ಮಾತಿಲ್ಲದೆ ಮಲಗಿದ್ದನ್ನು ನೀನೂ ನೋಡಿದ್ದೀಯ. ಗಂಜಿ ಕುಡಿಸುವಾಗ ಒಂದೊಂದು ದಿನ ನನಗೆ ಸಿಟ್ಟು ಬರುತ್ತಿತ್ತು, ಚಮಚ ಹಲ್ಲಿಗೆ ಟಕ್ ಅಂತ ತಾಗುವಷ್ಟು. ಅವರು ಬಾಯಿ ಮುಚ್ಚಿ ನನ್ನನ್ನೇ ನೋಡುತ್ತಿದ್ದರು. ಆ ಮೂರು ರಾತ್ರಿ ಕಿವಿಯಲ್ಲಿ ಆ ಟಕ್ ಒಂದೇ.

ಥೋ, ಇದನ್ನೆಲ್ಲ ಬರೆಯುವುದಿರಲಿಲ್ಲ. ಈಗ ಮಾತ್ರೆ ಇದೆ, ಉಪ್ಪು ಕಡಿಮೆ, ತಂಬಾಕು ಬಂದ್. ಇವಳು ದಿನಾ ಬೆಳಿಗ್ಗೆ "ನಗಿ ನೋಡೋಣ" ಎನ್ನುತ್ತಾಳೆ, ಬಾಯಿ ಸೊಟ್ಟ ಇದೆಯಾ ಅಂತ. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ನನ್ನ ನಗುವಿಗೆ ಇಷ್ಟು ಬೆಲೆ ಬಂತು ಮಾರಾಯಾ.

ಬರುವ ಶನಿವಾರ ತಾಳಮದ್ದಲೆ ಇದೆ, ಬಾ. ನನ್ನದು ಉತ್ತರಕುಮಾರ. ತೊದಲಿದರೆ ಪಾತ್ರಕ್ಕೆ ತಕ್ಕ ಹಾಗಿದೆ ಅಂತ ಚಪ್ಪಾಳೆ ತಟ್ಟಬೇಡ, ಫೋನ್ ತೆಗಿ. ಕೊಡೆ ನಾನೇ ತರುತ್ತೇನೆ.

ನಿನ್ನವ