ಕೇಂದ್ರ ಕಾನೂನು ಸಚಿವರಿಗೆ: ಬೇಡವೆಂದಾದರೂ ಹೇಳಿ, ಕಡತ ಹಿಡಿದುಕೊಂಡು ಕೂರಬೇಡಿ

ಮಾನ್ಯ ಕೇಂದ್ರ ಕಾನೂನು ಮತ್ತು ನ್ಯಾಯ ಸಚಿವರೇ,

ಹೈಕೋರ್ಟ್ ನ್ಯಾಯಮೂರ್ತಿಗಳ ನೇಮಕಕ್ಕೆ ಕೊಲಿಜಿಯಂ, ಅಂದರೆ ಹಿರಿಯ ನ್ಯಾಯಮೂರ್ತಿಗಳ ಆಯ್ಕೆ ಮಂಡಳಿ, ಕಳಿಸುವ ಕೆಲವು ಹೆಸರುಗಳು ತಮ್ಮ ಇಲಾಖೆಯಲ್ಲಿ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಉಳಿದುಬಿಡುತ್ತವೆ. ಬೇಡವೆಂಬ ಉತ್ತರವೂ ಬರುವುದಿಲ್ಲ, ನೇಮಕದ ಆದೇಶವೂ ಹೊರಡುವುದಿಲ್ಲ. ಈ ಮೌನ ಬಿಡಿ ಎಂದು ಕೇಳಲು, ಹೈಕೋರ್ಟಿನಲ್ಲಿ ವಕೀಲಿ ಮಾಡುವ ನಾನು ಈ ಪತ್ರ ಬರೆಯುತ್ತಿದ್ದೇನೆ.

ಸಂವಿಧಾನದ 217ನೇ ವಿಧಿಯ ಪ್ರಕಾರ ನೇಮಕ ಮಾಡುವವರು ರಾಷ್ಟ್ರಪತಿ. ಸುಪ್ರೀಂ ಕೋರ್ಟಿನ 1993ರ ತೀರ್ಪಿನ ನಂತರ ಆಯ್ಕೆಯಲ್ಲಿ ನ್ಯಾಯಾಂಗದ ಮಾತಿಗೇ ಮೇಲುಗೈ. ಸರ್ಕಾರ ಕಾರಣ ಕೊಟ್ಟು ಹೆಸರನ್ನು ಮರಳಿಸಬಹುದು. ಕೊಲಿಜಿಯಂ ಒಮ್ಮತದಿಂದ ಅದೇ ಹೆಸರನ್ನು ಪುನಃ ಕಳಿಸಿದರೆ ನೇಮಿಸಲೇಬೇಕು. ಈ ವ್ಯವಸ್ಥೆ ತಮಗೆ ಹಿಡಿಸದಿರಬಹುದು. ಕೊಲಿಜಿಯಂ ಮುಚ್ಚಿದ ಬಾಗಿಲ ಹಿಂದೆ ಕೂತು ತೀರ್ಮಾನಿಸುತ್ತದೆ ಎಂಬ ದೂರಿನಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಕೊಲಿಜಿಯಂ ಬದಲಿಗೆ ತಂದಿದ್ದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗ 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 4-1ರ ಬಹುಮತದಿಂದ ರದ್ದಾದಾಗ ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಚಲಮೇಶ್ವರ್ ಅವರೂ ಈ ಗೋಪ್ಯತೆಯನ್ನು ಟೀಕಿಸಿದ್ದರು. ಅದನ್ನು ಬದಲಿಸಬೇಕಿದ್ದರೆ ಸಂಸತ್ತಿದೆ, ಚರ್ಚೆಯಿದೆ. ತೀರ್ಪು ಜಾರಿಯಲ್ಲಿರುವಾಗಲೇ ಕಡತವನ್ನು ಮೇಜಿನ ಮೇಲಿಟ್ಟುಕೊಂಡು ಅದರ ಫಲ ಸಿಗದಂತೆ ಮಾಡುವುದಕ್ಕೆ ಸಂವಿಧಾನದಲ್ಲಿ ಎಲ್ಲಿಯೂ ಜಾಗವಿಲ್ಲ.

ಈ ವಿಳಂಬ ಏನು ಮಾಡುತ್ತದೆ ನೋಡಿ. ನಮ್ಮ ಕರ್ನಾಟಕ ಹೈಕೋರ್ಟಿನ ಹಿರಿಯ ವಕೀಲರೊಬ್ಬರ ಹೆಸರನ್ನು ಸುಪ್ರೀಂ ಕೋರ್ಟ್ ಕೊಲಿಜಿಯಂ 2021ರಲ್ಲಿ ಶಿಫಾರಸು ಮಾಡಿತು, ಅದೇ ವರ್ಷ ಮತ್ತೆ ಕಳಿಸಿತು. ಆದೇಶ ಬರಲಿಲ್ಲ. 2022ರ ಫೆಬ್ರವರಿಯಲ್ಲಿ ಅವರು ತಮ್ಮ ಒಪ್ಪಿಗೆಯನ್ನೇ ಹಿಂಪಡೆದರು. ನ್ಯಾಯಮೂರ್ತಿಯಾಗಲು ಒಪ್ಪಿಗೆ ಕೊಟ್ಟ ವಕೀಲರ ಪಾಡು ಕೋರ್ಟಿನ ಕಾರಿಡಾರಿನಲ್ಲಿ ನಿಂತವರಿಗೆಲ್ಲ ಗೊತ್ತು. ಹೊಸ ವಕಾಲತ್ತು ಹಾಕಲು ಅವರಿಗೇ ಅಳುಕು. ಕಕ್ಷಿದಾರರಿಗೆ, ಇವರು ಇಂದೋ ನಾಳೆಯೋ ಪೀಠಕ್ಕೆ ಹೋಗುವವರು, ಕೇಸು ಯಾಕೆ ಕೊಡಬೇಕು ಎಂಬ ಅನುಮಾನ. ಒಂದೇ ಪಟ್ಟಿಯಲ್ಲಿ ಹೋದ ನಾಲ್ವರಲ್ಲಿ ಇಬ್ಬರಿಗೆ ಮೊದಲು ಆದೇಶ ಬಂದರೆ, ಉಳಿದವರು ಪ್ರಮಾಣವಚನದ ದಿನಾಂಕದಲ್ಲೇ ಹಿಂದೆ ಬೀಳುತ್ತಾರೆ. ಮುಂದೆ ಮುಖ್ಯ ನ್ಯಾಯಮೂರ್ತಿ ಯಾರಾಗಬೇಕು ಎಂಬುದನ್ನು ಆ ಜ್ಯೇಷ್ಠತೆಯೂ ನಿರ್ಧರಿಸುತ್ತದೆ. ಹೀಗೆ ಇಲ್ಲವೆನ್ನದೆಯೇ ಆಯ್ದುಕೊಳ್ಳುವ ಅಧಿಕಾರ ಸರ್ಕಾರದ ಕೈಗೆ ಬರುತ್ತದೆ. 226ನೇ ವಿಧಿಯಡಿ ಸರ್ಕಾರದ ವಿರುದ್ಧವೇ ರಿಟ್ ಹೊರಡಿಸಬೇಕಾದವರನ್ನು, ಆ ಅರ್ಜಿಗಳಲ್ಲಿ ಪ್ರತಿವಾದಿಯಾಗಿ ನಿಲ್ಲುವ ಸರ್ಕಾರವೇ ಹೀಗೆ ಸೋಸಿ ತೆಗೆಯುವುದು ನನಗೆ ನಿಜಕ್ಕೂ ಆತಂಕ ತರುತ್ತದೆ.

ಕರ್ನಾಟಕ ಹೈಕೋರ್ಟಿನ ಮಂಜೂರಾದ ಹುದ್ದೆಗಳು 62. ಅಷ್ಟೂ ಭರ್ತಿಯಾದರೂ ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಕೆಲಸಕ್ಕೆ ಸಾಲದು. ಆಸ್ತಿ ಪಾಲಿನ ವ್ಯಾಜ್ಯದ ಎರಡನೇ ಮೇಲ್ಮನವಿಯೊಂದು ಕಾಸ್ ಲಿಸ್ಟಿನ, ಅಂದರೆ ಆ ದಿನದ ವಿಚಾರಣಾ ಪಟ್ಟಿಯ, ಕೊನೆಯಲ್ಲಿ ಬರುತ್ತದೆ, ಸಂಜೆಯಾಗುತ್ತದೆ, ಮುಂದಕ್ಕೆ ಹೋಗುತ್ತದೆ. ಮತ್ತೆ ಪಟ್ಟಿಗೆ ಬರುವಷ್ಟರಲ್ಲಿ ಮೇಲ್ಮನವಿದಾರರು ತೀರಿಕೊಂಡಿರುತ್ತಾರೆ. ವಾರಸುದಾರರನ್ನು ಸೇರಿಸುವ ಅರ್ಜಿ ಹಾಕಬೇಕು, ಅದಕ್ಕೆ ನೋಟಿಸ್ ಜಾರಿಯಾಗಬೇಕು. ಖಾಲಿ ಕುರ್ಚಿಯ ಬೆಲೆ ತೆರುವವರು ಇವರು.

2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಾಲಮಿತಿಯನ್ನೂ ಹೇಳಿದೆ: ಶಿಫಾರಸಾದವರ ಬಗ್ಗೆ ಗುಪ್ತಚರ ದಳದ ವರದಿ 4ರಿಂದ 6 ವಾರದೊಳಗೆ, ಪುನಃ ಕಳಿಸಿದ ಹೆಸರುಗಳ ನೇಮಕ 3ರಿಂದ 4 ವಾರದೊಳಗೆ.

ಇದನ್ನು ಪಾಲಿಸಿ ಎಂಬುದಷ್ಟೇ ನನ್ನ ಕೋರಿಕೆ. ಪ್ರತಿ ಹೆಸರು ಇಲಾಖೆಗೆ ಬಂದ ದಿನ ಮತ್ತು ಅದು ಈಗ ಯಾವ ಹಂತದಲ್ಲಿದೆ ಎಂಬುದನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಿ. ಆಕ್ಷೇಪವಿದ್ದರೆ ಕಾರಣ ಬರೆದು ಹಿಂದಿರುಗಿಸಿ. ಕೊಲಿಜಿಯಂ ಒಟ್ಟಿಗೆ ಕಳಿಸಿದ ಪಟ್ಟಿಯನ್ನು ಒಡೆಯಬೇಡಿ. ಪುನಃ ಬಂದ ಹೆಸರುಗಳಲ್ಲಿ ಇನ್ನೂ ಎಷ್ಟು ತಮ್ಮ ಬಳಿ ಉಳಿದಿವೆ, ಯಾವ ಕಾರಣಕ್ಕೆ ಎಂಬುದನ್ನು ಮುಂದಿನ ಅಧಿವೇಶನದಲ್ಲಿ ಸದನದ ಮುಂದಿಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಕೀಲ, ಬೆಂಗಳೂರು