ದೂರವಿದ್ದರೂ ನಿದ್ದೆ ವಿಚಾರಿಸಿ

ಮಾನ್ಯರೇ,

ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊಯ್ದಾಡುವ ಬೈಪೋಲಾರ್ ಕಾಯಿಲೆಯಿರುವ ಸಂಗಾತಿಯಿಂದ ಬೇರೆಯಾಗಿರುವವರೂ ಅವರಿಗೆ ಆಸರೆಯಾಗಬಹುದು. ಮೊದಲು ನಿದ್ದೆ ವಿಚಾರಿಸಿ. ಎರಡು ಮೂರು ರಾತ್ರಿ ಮೂರ್ನಾಲ್ಕು ತಾಸಷ್ಟೇ ಮಲಗಿದರೂ ದಣಿವಿಲ್ಲ, ಮಾತಿಗೆ ತಡೆಯಿಲ್ಲ ಎಂದರೆ ಉನ್ಮಾದ, ಅಂದರೆ ಅತಿ ಉತ್ಸಾಹದ ಹಂತ, ಶುರುವಾಗುತ್ತಿರಬಹುದು. ಅಂದೇ ವೈದ್ಯರಿಗೆ ತಿಳಿಸಬೇಕು.

ಈ ಕಾಯಿಲೆಗೆ ಕೊಡುವ ಲಿಥಿಯಂ ಔಷಧಿ ತೆಗೆದುಕೊಳ್ಳುವವರಿಗೆ ವಾಂತಿಭೇದಿಯಾದರೆ, ಇಲ್ಲವೇ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಸೇರಿದರೆ, ರಕ್ತದಲ್ಲಿ ಲಿಥಿಯಂ ಮಟ್ಟ ಏರಿ ವಿಷವಾಗಬಹುದು. ಕೈ ಜೋರಾಗಿ ನಡುಗುವುದು, ಮಾತು ತೊದಲುವುದು, ನಡಿಗೆ ತೂರಾಡುವುದು ಕಂಡರೆ ಕುಡಿದಿದ್ದಾರೆಂದು ದಯವಿಟ್ಟು ಬೈಯಬೇಡಿ, ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಹಣದ ಮಿತಿ, ಮಕ್ಕಳು ಎಲ್ಲಿರಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಅವರು ಚೆನ್ನಾಗಿರುವಾಗಲೇ, ಅವರ ಇಷ್ಟ ಕೇಳಿ ಬರೆದಿಡಿ. ಉನ್ಮಾದದ ನಡುವೆ ವಿಚ್ಛೇದನದ ವಾದ ಬೇಡ. ಸಾಯುವ ಮಾತು ಬಂದರೆ ಕೂಡಲೇ ನೆರವು ಕರೆಯಿರಿ, ಅದು ಬರುವವರೆಗೆ ಯಾರಾದರೊಬ್ಬರು ಜೊತೆಗಿರಲಿ.