ಸಿರಿ ಪಾಂಡುವನ್ನು ಹಳ್ಳದ ದಾರಿಗೆ ಕರೆದುಕೊಂಡು ಹೋಗುವ ವಿಚಾರ

ಚಿ. ಸೌ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನೆ ರಾತ್ರಿ ಫೋನಿನಲ್ಲಿ ಆದ ಮಾತುಗಳನ್ನೆಲ್ಲ ಮತ್ತೆ ಬರೆಯುವುದಿಲ್ಲ. ನೀನು ಕೇಳಿದ್ದು ಒಂದೇ. ದಸರಾ ರಜೆಗೆ ಬಂದಾಗ ಮೊಮ್ಮಗಳು ಸಿರಿ ಬೆಳಿಗ್ಗೆ ಹೊತ್ತು ನಮ್ಮ ನಾಯಿ ಪಾಂಡುವನ್ನು ಹಳ್ಳದ ದಾರಿಯಲ್ಲಿ ಒಬ್ಬಳೇ ತಿರುಗಾಡಿಸಿಕೊಂಡು ಬರಲಾ ಅಂತ. ನಾನು ಬೇಡ ಅಂದೆ. ಬೆಂಗಳೂರಿಗೆ ಹೋಗಿ ಹಳ್ಳ ಅಂದ್ರೆ ಏನು ಅಂತಲೇ ಮರೆತಿದೀಯ ಅಂತಲೂ ಅಂದೆ. ಆ ಎರಡನೇ ಮಾತು ಬೇಕಿರಲಿಲ್ಲ. ನಿನ್ನ ಅಮ್ಮ ಆಗಲೇ ಮೊಣಕೈಯಿಂದ ತಿವಿದಳು. ಅಷ್ಟರಲ್ಲಿ ನೀನು ಫೋನ್ ಇಟ್ಟಿದ್ದೆ. ಮೊದಲನೇ ಮಾತನ್ನು ಮಾತ್ರ ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ. ಫೋನಿನಲ್ಲಿ ನನಗೆ ಮಾತು ಜೋಡಿಸಲು ಬರುವುದಿಲ್ಲ, ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಿ ಹೇಳು.

ಪಾಂಡುವಿನ ಬಗ್ಗೆ ನನಗೆ ದೂರಿಲ್ಲ. ಅವನು ಸಾಧು. ಬಡಾವಣೆಯ ಕೊನೇ ಮನೆಯಿಂದ ಹಳೇ ಸೇತುವೆಯವರೆಗೆ ಒಂದು ಕಿಲೋಮೀಟರೂ ಇಲ್ಲ, ಅಷ್ಟಕ್ಕೆ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಾನೆ. ಪ್ರತಿ ಕಂಬ, ಪ್ರತಿ ಪೊದೆ ಮೂಸಬೇಕು. ನಾನು ಎಳೆಯುವುದಿಲ್ಲ. ನಾಯಿ ಮೂಸುವುದು ಅಂದರೆ ಅದಕ್ಕೆ ಊರಿನ ಸುದ್ದಿ ಗೊತ್ತಾದ ಹಾಗೆ. ಯಾರು ಬಂದಿದ್ದರು, ಯಾವಾಗ ಬಂದಿದ್ದರು ಎಲ್ಲ ಅದರ ಮೂಗಿಗೆ ಸಿಗುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನವರು ಕೈಗಡಿಯಾರದಲ್ಲಿ ಹೆಜ್ಜೆ ಎಣಿಸುತ್ತಾ ನಾಯಿಯನ್ನು ದರದರ ಎಳೆದುಕೊಂಡು ಹೋಗುವುದನ್ನು ನೋಡಿದ್ದೇನೆ. ಅದು ಯಾರ ವಾಕಿಂಗೋ ದೇವರಿಗೇ ಗೊತ್ತು.

ನೀನು ಹೇಳಿದ್ದರಲ್ಲಿ ಸುಳ್ಳಿಲ್ಲ, ದಾರಿ ಈಗ ಚೆನ್ನಾಗಿದೆ. ನಿನ್ನ ಕಾಲದ ಕೆಸರಿಲ್ಲ. ಇಂಟರ್‌ಲಾಕ್ ಕಲ್ಲು ಹಾಸಿದ್ದಾರೆ, ಕೂರುವುದಕ್ಕೆ ಬೆಂಚು, ಹಳ್ಳದ ಕಡೆಗೆ ಕಬ್ಬಿಣದ ಕಂಬಿ. ಹೊಂಗೆ, ನೇರಳೆ, ಆ ಎರಡು ಅತ್ತಿಮರ, ಬಿದಿರು ಮೆಳೆ ಎಲ್ಲಾ ಹಾಗೇ ಇವೆ. ಪುಣ್ಯಕ್ಕೆ ಯಾರೂ ಕಡಿಯಲಿಲ್ಲ. ನೆರಳು ಎಷ್ಟಿದೆ ಅಂದರೆ ಏಪ್ರಿಲ್ ಬಿಸಿಲಲ್ಲೂ ಕಲ್ಲು ಪಾಂಡುವಿನ ಕಾಲು ಸುಡುವುದಿಲ್ಲ. ಹಾಗಾಗಿ "ಈಗ ಏನು ಭಯ ಅಪ್ಪಾ, ನಾನು ಅವಳ ವಯಸ್ಸಲ್ಲಿ ಕೆಸರಲ್ಲೇ ಹೋಗ್ತಿರಲಿಲ್ವಾ" ಅಂತ ನೀನು ಕೇಳಿದ್ದು ಸಹಜ.

ಆದರೆ ದಾರಿ ಚೆನ್ನಾಗಿ ಆಯಿತು, ದಂಡೆ ಹೋಯಿತು. ಇದು ನಿನಗೆ ಫೋಟೋದಲ್ಲಿ ಕಾಣುವುದಿಲ್ಲ. ಮೊದಲು ಹಳ್ಳಕ್ಕೆ ಇಳಿಜಾರು ಮಣ್ಣಿನ ದಂಡೆ ಇತ್ತು. ಹುಲ್ಲಿತ್ತು, ಹೊಂಗೆಯ ಬೇರು ನೀರಿಗೆ ಇಳಿದಿತ್ತು. ಬಿದ್ದವರಿಗೆ ಹಿಡಿದುಕೊಳ್ಳಲು ಏನೋ ಒಂದು ಸಿಗುತ್ತಿತ್ತು. ಈಗ ಎರಡೂ ಕಡೆ ನೇರ ಸಿಮೆಂಟ್ ಗೋಡೆ, ಪಾಚಿ ಕಟ್ಟಿದೆ. ಹಳ್ಳ ಕಿರಿದಾಯಿತು, ನೇರವಾಯಿತು. ಹಾಗಾದಾಗ ನೀರು ಏನು ಮಾಡುತ್ತದೆ? ಜೋರಾಗಿ ಓಡುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದರ ನೂಕು ನಾಲ್ಕು ಪಟ್ಟು. ಮೊಣಕಾಲು ಮಟ್ಟದ ನೀರೇ ಜೋರಾಗಿ ಓಡುತ್ತಿದ್ದರೆ ದೊಡ್ಡವರೂ ನಿಲ್ಲುವುದು ಕಷ್ಟ. ಇನ್ನು ಒಂಬತ್ತು ವರ್ಷದ ಮಗು. ಕಂಬಿ ಇದೆ ಅಂತೀಯ. ಕಂಬಿಯ ಕೆಳಗೆ ಪಾಂಡು ಸಲೀಸಾಗಿ ನುಸುಳುತ್ತಾನೆ, ನಾನೇ ನೋಡಿದ್ದೇನೆ.

ಆ ದಿನದ ಬಗ್ಗೆ ನಾವು ಮನೆಯಲ್ಲಿ ಮಾತಾಡಿದ್ದು ಕಡಿಮೆ. ನಿನಗೆ ನೆನಪಿರುವುದನ್ನು ನಾನು ಹೇಳುವುದಿಲ್ಲ. ನಿನಗೆ ಗೊತ್ತಿಲ್ಲದ್ದು ಒಂದಿದೆ. ನಾನು ಅಲ್ಲೇ ಇದ್ದೆ. ಮನೆಯಿಂದ ಓಡಿ ಬಂದೆ ಅಂತ ನೀನು ಇವತ್ತಿಗೂ ತಿಳಿದುಕೊಂಡಿದ್ದೀಯ. ನಾನು ಆಚೆ ದಂಡೆಯಲ್ಲಿದ್ದೆ.

ಪುನರ್ವಸು ಮಳೆ ಹಿಡಿದಿತ್ತು. ಆಗಿನ್ನೂ ಗಾಜನೂರಿನಲ್ಲಿ ಹಳೇ ಅಣೆಕಟ್ಟು. ಬೆಳಿಗ್ಗೆಯೇ ನಾಲೆಯ ಕೆಲಸ ಮುಗಿಸಿ ಗದ್ದೆ ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದೆ. ಆಚೆ ಕಡೆ ನಿನ್ನ ನೀಲಿ ಛತ್ರಿ ಕಂಡಿತು. ಎಡಗೈಯಲ್ಲಿ ಛತ್ರಿ, ಬಲಗೈಗೆ ಆಗಿನ ನಮ್ಮ ನಾಯಿ ಕರಿಯನ ಹಗ್ಗ. ಹಿಡಿದುಕೊಂಡಿರಲಿಲ್ಲ, ಕೈಗೆ ಸುತ್ತಿಕೊಂಡಿದ್ದೆ. ಅಷ್ಟು ದೂರದಿಂದಲೂ ಅದು ನನಗೆ ಕಂಡಿತು. ಹಾಗೆ ಸುತ್ತಬೇಡ ಅಂತ ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಪೊದೆಯಿಂದ ಹುಂಡುಕೋಳಿ ಎದ್ದಿತು, ಕರಿಯ ಹಾರಿದ. ಛತ್ರಿ ದಂಡೆಯ ಮೇಲೆ ಉಳಿಯಿತು. ನೀನು ಉಳಿಯಲಿಲ್ಲ.

ಕೂಗಿದೆ. ನೀರಿನ ಸದ್ದಿಗೆ ನನ್ನ ಕೂಗು ನನಗೇ ಕೇಳಲಿಲ್ಲ. ನನಗೆ ಈಜು ಬರುತ್ತದೆ, ಆದರೆ ಆ ನೀರನ್ನು ಅಡ್ಡ ಹಾಯಲು ಯಾವ ಈಜೂ ಸಾಲದು. ಅದು ನನ್ನ ಕೆಲಸದಲ್ಲೇ ಗೊತ್ತಾದ ವಿಷಯ. ಸೇತುವೆ ಇದ್ದದ್ದು ಕೆಳಗೆ, ಇನ್ನೂರು ಮೀಟರಿನಷ್ಟು ದೂರ. ಸೈಕಲ್ ಬಿಸಾಡಿ ಓಡಿದೆ. ಗದ್ದೆಗೆ ಆಗಷ್ಟೇ ಕೆಸರು ಮಾಡಿದ್ದರು. ಒಂದೊಂದು ಹೆಜ್ಜೆಯೂ ಹೂತುಹೋಗುತ್ತಿತ್ತು.

ಈ ಭಾಗವನ್ನು ನಾನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ. ನೀರು ಸೆಕೆಂಡಿಗೆ ಒಂದೂವರೆ ಮೀಟರ್ ಅಂತ ಇಟ್ಟುಕೋ. ಇನ್ನೂರು ಮೀಟರಿಗೆ ಎರಡು ಕಾಲು ನಿಮಿಷವೂ ಬೇಡ. ಕೆಸರಲ್ಲಿ ನಾನು ಅಷ್ಟು ಬೇಗ ಓಡಲಾರೆ. ಸೇತುವೆ ಮುಟ್ಟಿದರೂ ಅದನ್ನು ದಾಟಬೇಕು, ದಂಡೆಗೆ ಇಳಿಯಬೇಕು. ಸೈಕಲ್ಲನ್ನು ಮೊದಲೇ ಬಿಟ್ಟಿದ್ದರೆ? ಬದು ಬಿಟ್ಟು ರಸ್ತೆ ಹಿಡಿದಿದ್ದರೆ? ನೀರು ಒಂದೇ ಮೀಟರ್ ವೇಗದಲ್ಲಿದ್ದಿದ್ದರೆ? ರಾತ್ರಿ ನಿದ್ದೆ ಬರದಿದ್ದಾಗ ಈ ಲೆಕ್ಕ ತಾನಾಗಿ ಶುರುವಾಗುತ್ತದೆ. ಯಾವ ಅಂಕಿ ಹಾಕಿದರೂ ನಾನು ತಲುಪುವುದಿಲ್ಲ. ನಿನ್ನ ಮದುವೆಯ ಹಿಂದಿನ ರಾತ್ರಿ ಕೂಡ ಛತ್ರದಲ್ಲಿ ಮಲಗಿ ಇದನ್ನೇ ಲೆಕ್ಕ ಹಾಕಿದ್ದೆ. ಅಡುಗೆಯವರು ಹಾಲಿನ ಲೆಕ್ಕ ಕೇಳಲು ಬಂದು ಎಬ್ಬಿಸಿದರು.

ಹುಲ್ಲು ಕೊಯ್ಯಲು ಬಂದಿದ್ದ ಆ ಹೆಂಗಸು ಇದ್ದದ್ದಕ್ಕೆ ನೀನಿದ್ದೀಯ. ಒಂದು ಕೈಯಲ್ಲಿ ಬೇರು ಹಿಡಿದು ಸೊಂಟದ ಮಟ್ಟಕ್ಕೆ ಇಳಿದು ಕುಡುಗೋಲಿನಲ್ಲಿ ಹಗ್ಗ ಕೊಯ್ದಳಲ್ಲ, ಅದನ್ನು ನಾನು ಸೇತುವೆಯ ಮೇಲಿಂದ ನೋಡಿದೆ. ಒದ್ದೆ ಹಗ್ಗದ ಸುತ್ತು ಎಳೆದಷ್ಟೂ ಬಿಗಿಯುತ್ತದೆ, ಬಿಚ್ಚಲು ಆಗುವುದಿಲ್ಲ. ಕುಡುಗೋಲು ಅವಳ ಕೈಯಲ್ಲಿ ಇತ್ತು. ಬೇರು ಅಲ್ಲಿ ಇತ್ತು. ಈಗ ಆ ಜಾಗದಲ್ಲಿ ಬೇರಿಲ್ಲ, ಗೋಡೆ ಇದೆ. ಅಲ್ಲಿ ಹುಲ್ಲು ಕೊಯ್ಯಲು ಯಾರೂ ಬರುವುದಿಲ್ಲ, ಯಾಕೆಂದರೆ ಹುಲ್ಲೇ ಇಲ್ಲ. ಇದಿಷ್ಟನ್ನೂ ನಿನ್ನೆ ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೆಂಗಳೂರಿನ ಮಾತು.

ಮೂರನೇ ದಿನ ಜ್ವರ ಬಿಟ್ಟ ಕೂಡಲೇ ನೀನೇ ಕರಿಯನನ್ನು ಕಟ್ಟಿಕೊಂಡು ಅದೇ ದಾರಿಗೆ ಹೊರಟೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ನಾನು ಹೋಗಲಿ ಬಿಡು ಅಂದೆ, ಹಿಂದೆ ಹಿಂದೆ ಬಂದೆ. ನಿನ್ನ ಆ ಗಟ್ಟಿತನ ಕಂಡು ಎಷ್ಟು ಹೆಮ್ಮೆ ಆಗಿತ್ತು ಅಂತ ಹೇಳಿರಲಿಲ್ಲ. ಸಿರಿಗೂ ಅದೇ ಬಂದಿದೆ. ಹೋದ ಸಲ ಬೀದಿನಾಯಿ ಗುರುಗುಟ್ಟಿದಾಗ ಓಡದೆ, ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಸುಮ್ನೆ ಮರದ ಹಾಗೆ ನಿಂತಳು. ಯಾರು ಕಲಿಸಿದರು ಅಂತ ಕೇಳಿದೆ. ಅಮ್ಮ ಅಂದಳು. ಅವತ್ತೇ ನಿನಗೆ ಫೋನ್ ಮಾಡಿ ಹೇಳೋಣ ಅಂದುಕೊಂಡೆ. ಸೀರಿಯಲ್ ಶುರುವಾಯಿತು, ಮರೆತೆ.

ಅಕ್ಟೋಬರಿನಲ್ಲಿ ಮಳೆ ಎಲ್ಲಿ ಅಂತ ಕೇಳುತ್ತೀಯ. ಚಿತ್ತಾ ಮಳೆ ಇದೆಯಲ್ಲ. ಮಧ್ಯಾಹ್ನದವರೆಗೆ ಬಿಸಿಲು, ಸಂಜೆ ಗುಡುಗಿ ಒಂದು ಗಂಟೆ ಹೊಯ್ದುಬಿಡುತ್ತದೆ. ಅದು ಬಿಡು, ನಮ್ಮ ಹಳ್ಳಕ್ಕೆ ನೀರು ಬರಲು ನಮ್ಮ ಊರಿನಲ್ಲೇ ಮಳೆಯಾಗಬೇಕೆಂದಿಲ್ಲ. ಮೇಲೆ ಚಾನಲ್ ಹಾದುಹೋಗುತ್ತದೆ. ನೀರು ಹೆಚ್ಚಾದರೆ ತೂಬು ಎತ್ತಿ ಹಳ್ಳಕ್ಕೆ ಬಿಡುತ್ತಾರೆ. ಆಕಾಶ ನೀಲಿಯಾಗಿರುತ್ತದೆ, ಹಳ್ಳ ಏರುತ್ತಿರುತ್ತದೆ. ಇನ್ನು ಮಳೆಗಾಲದಲ್ಲಂತೂ ತೀರ್ಥಹಳ್ಳಿ, ಶೃಂಗೇರಿ ಕಡೆ ಹೊಯ್ದ ಮಳೆಗೆ ಇಲ್ಲಿ ತುಂಗೆ ತುಂಬುತ್ತದೆ. ಗಾಜನೂರು ಜಲಾಶಯ ಮೂರೂ ಕಾಲು ಟಿಎಂಸಿಯದ್ದು, ಬೇಗ ತುಂಬುತ್ತದೆ, ಗೇಟು ತೆಗೆಯಲೇಬೇಕು. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿರುವ ಮಂಟಪ ಮುಳುಗಿತಾ ಅಂತ ಊರೇ ನೋಡಲು ಹೋಗುತ್ತದೆ. ಹೊಳೆ ಮೇಲೆ ಬಂದಾಗ ಹಳ್ಳದ ನೀರಿಗೆ ಹೋಗಲು ದಾರಿ ಇರುವುದಿಲ್ಲ, ಅಲ್ಲೇ ಏರುತ್ತದೆ. ಮಂಟಪಕ್ಕೆ ಹೋದವರು ತಮ್ಮ ಮನೆ ಹಿಂದಿನ ಹಳ್ಳ ನೋಡುವುದಿಲ್ಲ.

ಭಾಷಣ ಶುರುವಾಯಿತು ಅಂತ ನಗಬೇಡ. ಶುರುವಾಗಿದೆ, ಇನ್ನೂ ಸ್ವಲ್ಪ ಇದೆ. ಉಣುಗಿನ ವಿಷಯ. ಪಾಂಡು ಪೊದೆಗೆ ಮೂತಿ ಹಾಕಿ ಬಂದ ಮೇಲೆ ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ, ಕೊರಳ ಪಟ್ಟಿಯ ಕೆಳಗೆ ನೋಡಬೇಕು. ಇದ್ದರೆ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಬೇಕು. ಸಿರಿಗೆ ಬೆರಳಲ್ಲಿ ಹಿಚುಕುವ ಚಪಲ, ಬೇಡ ಅನ್ನು. ನಾಯಿ ಊಟ ಬಿಟ್ಟು, ಮೈ ಬಿಸಿಯಾಗಿ, ವಸಡು ಬಿಳಚಿದರೆ ಅದು ಉಣುಗಿನ ಜ್ವರ ಇರಬಹುದು. ಆಗ ಪಶುವೈದ್ಯರ ಹತ್ತಿರ ಅವತ್ತೇ ಹೋಗಬೇಕು. ನಿನ್ನ ಅಮ್ಮ ಉಣುಗು ಅಂದ ಕೂಡಲೇ ಮಂಗನ ಕಾಯಿಲೆ ಅಂತ ಹೆದರುತ್ತಾಳೆ. ಅವಳ ತವರು ಸೊರಬದ ಕಡೆ, ಆ ಕಾಯಿಲೆ ಮೊದಲು ಗೊತ್ತಾದದ್ದೇ 1957ರಲ್ಲಿ ಅಲ್ಲಿಯ ಕ್ಯಾಸನೂರು ಕಾಡಿನಲ್ಲಿ. ಹೆದರಿಕೆ ರಕ್ತದಲ್ಲೇ ಇದೆ. ಅದು ಕಾಡಿನ ಉಣುಗಿನಿಂದ ಬರುವುದು, ಜಾಸ್ತಿ ಡಿಸೆಂಬರಿನಿಂದ ಮೇ ತನಕ, ನಮ್ಮ ಹಳ್ಳದ ದಾರಿ ಕಾಡಲ್ಲ ಅಂತ ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ. ಅವಳಿಗೆ ಉಣುಗು, ನನಗೆ ನೀರು.

ಪಾಂಡುವಿಗೆ ಹುಚ್ಚುನಾಯಿ ರೋಗದ ಲಸಿಕೆ ಆಗಿದೆ, ಇಲಿಜ್ವರದ್ದೂ ಆಗಿದೆ. ಆದರೂ ಹಳ್ಳದ ನಿಂತ ನೀರು ಕುಡಿಸಬಾರದು. ಬಾಟಲಿ ಇಟ್ಟುಕೊಂಡಿರುತ್ತೇನೆ.

ಈಗ ನನ್ನ ತೀರ್ಮಾನ ಹೇಳುತ್ತೇನೆ. ಸಿರಿ ಹೋಗಲಿ. ಹಗ್ಗ ಅವಳ ಕೈಯಲ್ಲೇ ಇರಲಿ. ನಾನು ಹಿಂದೆ ಇರುತ್ತೇನೆ, ಮಾತಾಡಿಸುವುದಿಲ್ಲ, ಬೇಕಾದರೆ ನಾನು ಯಾರೋ ಅಂತ ಅವಳು ಅಂದುಕೊಳ್ಳಲಿ. ಬಿದಿರು ಮೆಳೆಯವರೆಗೆ ಮಾತ್ರ. ಅಲ್ಲಿಂದ ಮುಂದೆ ಗೋಡೆ ಎತ್ತರ. ಸಂಜೆ ಬೇಡ. ಪ್ರತಿ ದಿನ ಬೆಳಿಗ್ಗೆ ನಾನು ಚಾನಲ್ ನೀರು ನೋಡಿಕೊಳ್ಳುವ ನೀರುಗಂಟಿಗೆ ಫೋನ್ ಮಾಡಿ ತೂಬಿನ ವಿಚಾರ ಕೇಳುತ್ತೇನೆ. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಅವನು ನನ್ನ ಫೋನ್ ಎತ್ತುತ್ತಾನೆ. ಇದಕ್ಕೆ ನೀನು ಒಪ್ಪದಿದ್ದರೆ ಮತ್ತೆ ಜಗಳವಾಡೋಣ, ಆದರೆ ಇಲ್ಲಿಗೆ ಬಂದು ಆಡು.

ಬರುವಾಗ ನಾಯಿಗೆ ಹಗ್ಗದ ಬದಲು ಕೈಯಲ್ಲಿ ಹಿಡಿಯುವ ಒಂದು ಪಟ್ಟಿ ತಾ. ಅಗಲದ್ದು, ಐದಾರು ಅಡಿ ಸಾಕು. ಗುಂಡಿ ಒತ್ತಿದರೆ ಉದ್ದ ಬಿಟ್ಟುಕೊಳ್ಳುತ್ತಾ ಹೋಗುವಂಥದ್ದು ಬೇಡ, ಅದು ಎಳೆಯುವ ಹೊತ್ತಿಗೆ ನಾಯಿ ಕಂಬಿ ದಾಟಿರುತ್ತದೆ. ಹಿಡಿಯುವ ರೀತಿ ಅಲ್ಲೇ ಕಲಿಸಿಕೊಂಡು ಬಾ. ಟವೆಲಿಗೆ ಪಟ್ಟಿ ಕಟ್ಟಿ ನೀನು ಎಳೆ, ಅವಳು ಹಿಡಿಯಲಿ. ಕೈಗೆ ಸುತ್ತಬಾರದು, ಮುಷ್ಟಿಯಲ್ಲಿ ಹಿಡಿಯಬೇಕು. ಬಿಡು ಅಂದ ತಕ್ಷಣ ಬಿಡಬೇಕು. ನಾಯಿ ನೀರಿಗೆ ಹೋದರೂ ಬಿಡಬೇಕು. ಕರಿಯ ತಾನೇ ಈಜಿ ಕೆಳಗೆ ಹತ್ತಿ ಬಂದ. ಪಾಂಡುವಿಗೆ ಈ ಗೋಡೆ ಹತ್ತಲು ಆಗುತ್ತದೋ ಇಲ್ಲವೋ. ಆದರೂ ಬಿಡಬೇಕು. ಅವಳು ಅಳುತ್ತಾಳೆ, ತಾತ ಕೆಟ್ಟವನು ಅಂತಾಳೆ. ಅನ್ನಲಿ.

ರೈಲೋ ಬಸ್ಸೋ ತಿಳಿಸು, ಸ್ಟೇಷನ್ನಿಗೆ ಬರುತ್ತೇನೆ. ಅಮ್ಮ ನಿನಗೆ ಕೊಡಲು ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದಿಟ್ಟಿದ್ದಾಳೆ, ಖಾಲಿ ಡಬ್ಬಿ ತರಬೇಕಂತೆ, ಹೋದ ಸಲದ್ದೇ ವಾಪಸ್ ಬಂದಿಲ್ಲವಂತೆ.

ಇಂತಿ ನಿನ್ನ ಅಪ್ಪ